ಎಲ್ಲದಕ್ಕೂ ಲಿಟ್ಮಸ್ ಅದ್ದುವ ಮಾಮಾ

ನಮ್ಮ ಸೋದರಮಾವನಿಗೆ ನಾಲಿಗೆ ಇಲ್ಲ. ಮಾತಾಡಲಿಕ್ಕೆ ಬೇಕಾದಷ್ಟಿದೆ ಬಿಡಿ, ಊರಿಗೇ ಹಂಚಬಹುದು! ರುಚಿ ನೋಡಲಿಕ್ಕೆ ಮಾತ್ರ ಅವನು ನಂಬುವುದು ಜೇಬಿನಲ್ಲಿರುವ ಲಿಟ್ಮಸ್ ಕಾಗದವನ್ನು. ಕಲಬುರಗಿಯಿಂದ ಹೈದರಾಬಾದಿಗೆ ಬಂದು, ಸರ್ಕಾರಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುತ್ತಲೇ ನಿವೃತ್ತನಾದವನು. ಕಾರ್ಖಾನೆ ಅವನನ್ನು ಬಿಟ್ಟಿತು, ಅವನು ಪರೀಕ್ಷೆ ಬಿಡಲಿಲ್ಲ.

ಒಮ್ಮೆ ಪಕ್ಕದ ಮನೆಯ ತೆಲುಗು ಆಂಟಿ ಪ್ರೀತಿಯಿಂದ ಗೋಂಗೂರ ಪಪ್ಪು, ಅಂದರೆ ಪುಂಡಿಸೊಪ್ಪಿನ ಬೇಳೆ, ತಂದರು. ಮಾಮಾ ಅವರೆದುರೇ ನೀಲಿ ಕಾಗದ ಅದ್ದಿದ. ಕೆಂಪಾಯಿತು. ಪುಂಡಿಸೊಪ್ಪು ಹುಳಿ ಎಂದು ತಿಳಿಯಲಿಕ್ಕೆ ಕಾಗದ ಬೇಕೇ? ಅಷ್ಟಕ್ಕೇ ಬಿಡದೆ, ಆಮ್ಲ ತೆಗೆಯುತ್ತೇನೆಂದು ಚಮಚದ ತುಂಬ ಅಡುಗೆ ಸೋಡಾ ಸುರಿದ. ಪಪ್ಪು ಬುಸುಬುಸು ನೊರೆಯುಕ್ಕಿ ಆಂಟಿಯ ಸೀರೆಯ ಮೇಲೆ ಹರಿಯಿತು. ಅಂದಿನಿಂದ ಆ ಮನೆಯಿಂದ ಕರಿಬೇವಿನ ಎಸಳೂ ಬಂದಿಲ್ಲ.

ಮನುಷ್ಯರಲ್ಲೂ ಅವನಿಗೆ ಕಾಣುವುದು ಎರಡೇ ಜಾತಿ. "ನಿಮ್ಮ ಅತ್ತಿ ಆಮ್ಲ, ನಾ ಕ್ಷಾರ. ಅದಕ್ಕ ನಮ್ಮ ಜೋಡಿ ಭಾಳ ಛಲೋ ಐತಿ" ಎನ್ನುತ್ತಾನೆ.

ಅತ್ತೆ ಒಳಗಿನಿಂದಲೇ, "ಹೌದ್ರಿ, ಅದಕ್ಕ ಮನ್ಯಾಗ ಬರೇ ಉಪ್ಪು, ನೀರು ಉಳದಾವ. ಕಾಯಿಪಲ್ಯ ಯಾವಾಗ ತರ್ತೀರಿ?" ಎನ್ನುತ್ತಾಳೆ.

ಇಂಥವನು ನನ್ನ ಮದುವೆಯಲ್ಲಿ ಸುಮ್ಮನಿರುತ್ತಾನೆಯೇ? ತಾಳಿ ಕಟ್ಟಿಸಿಕೊಂಡು ಹೈದರಾಬಾದಿನ ಉಪ್ಪಲ್‌ನಲ್ಲಿರುವ ನನ್ನ ತವರುಮನೆಯ ಹೊಸ್ತಿಲಲ್ಲಿ ಗಂಡನ ಜೊತೆ ನಿಂತಿದ್ದೆ. ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪು ಮಾಡಿ ದೃಷ್ಟಿ ತೆಗೆಯುವುದು ನಮ್ಮಲ್ಲಿ ಪದ್ಧತಿ. ಮುತ್ತೈದೆಯರೇ ತೆಗೆಯಬೇಕು. ಅಪ್ಪ ಹೋದಮೇಲೆ ಅಮ್ಮ ಇಂಥ ಹೊತ್ತಿನಲ್ಲೆಲ್ಲ ಅಡುಗೆಮನೆ ಸೇರುತ್ತಾಳೆ. ಅವಳೇ ಆರತಿ ಎತ್ತಲಿ ಎಂದು ನಾನು ಹಟ ಹಿಡಿದಿದ್ದೆ, ಎಲ್ಲರಿಂದ ಬೈಸಿಕೊಂಡು ಸುಮ್ಮನಾಗಿದ್ದೆ.

ಗಂಡನ ಸೋದರತ್ತೆ ತಟ್ಟೆ ಎತ್ತುವಷ್ಟರಲ್ಲಿ ಮಾಮಾ ನುಗ್ಗಿ ಬಂದು, "ಬೀಗರ, ಒಂದು ಮಜಾ ತೋರಸ್ತೀನಿ" ಎಂದು ಅದಕ್ಕೆ ನಿಂಬೆಹಣ್ಣು ಹಿಂಡಿಬಿಟ್ಟ. ಕೆಂಪು ನೀರು ಹಳದಿಯಾಯಿತು!

"ಅಯ್ಯ ಶಿವನ, ಅಪಶಕುನ ಆತು. ನಾ ಮುಟ್ಟಂಗಿಲ್ಲ" ಎಂದು ಆಕೆ ತಟ್ಟೆ ಕೆಳಗಿಟ್ಟರು. ಉಳಿದ ಮುತ್ತೈದೆಯರೂ ಹಿಂದೆ ಸರಿದರು. ಆ ಲಿಟ್ಮಸ್ಸನ್ನೆಲ್ಲ ಅವನ ಬಾಯಿಗೇ ತುರುಕಬೇಕು ಅನ್ನಿಸಿತು ನನಗೆ.

"ಯಾರೂ ಮುಟ್ಟಂಗಿಲ್ಲ? ಖರೇನ?" ಮಾಮಾ ಎಲ್ಲರನ್ನೂ ಒಮ್ಮೆ ನೋಡಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ. "ತಂಗಿ, ಸುಣ್ಣದ ಡಬ್ಬಿ ತಗೊಂಡು ಬಾರವ್ವ."

ಅಮ್ಮ ಅಳುಕುತ್ತ ಬಂದು ಚಿಟಿಕೆ ಸುಣ್ಣ ಹಾಕಿದಳು. ಏನೂ ಆಗಲಿಲ್ಲ.

"ಇನ್ನಷ್ಟು ಹಾಕವ್ವ, ಅಂಜಬ್ಯಾಡ."

ಮತ್ತೆ ಹಾಕಿ ಕಲಕಿದಳು. ನೀರು ಕೆಂಪಗೆ ತಿರುಗಿತು.

"ಈಕಿ ಕೈಯಾಗ ಕೆಂಪಾತು. ಈಕಿನ ಎತ್ತಲಿ" ಎಂದು ಮಾಮಾ ತಟ್ಟೆಯನ್ನು ಅವಳ ಕೈಗಿತ್ತ.

ಅಮ್ಮ ಆರತಿ ಎತ್ತಿದಳು. ನೀರು ತುಳುಕಿ ನನ್ನ ಪಾದದ ಮೇಲೆ ಚೆಲ್ಲಿತು. ಅವಳು ಹಣೆಗೆ ಬೊಟ್ಟಿಡುವಾಗ ನನಗೆ ಅಳು ತಡೆಯಲಾಗಲಿಲ್ಲ. ಮಾಮಾ ನಿಂಬೆಹಣ್ಣು ಹಿಂಡಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದ.

"ಆಮ್ಲ ನೋಡವ್ವ, ಕಣ್ಣು ಉರಿಯಾಕತ್ತಾವ" ಎಂದ.

ಹೌದು ಮಾಮಾ ಎಂದು ಅವನ ಕಾಲಿಗೆ ಬಿದ್ದೆ.