ಹೊಳೆಯ ಆಚೆ ದಡದವರೆಗೆ ಬಂದ ಮೊಮ್ಮಗಳು

ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳುವುದು ಬಲು ಕಷ್ಟ. ದುಃಖವಾದರೆ ಸೆರಗು ಹೊದ್ದು ಮಲಗಿದರಾಯಿತು. ಸಂತೋಷಕ್ಕೆ ಕೇಳುವವರು ಬೇಕು. ನಮ್ಮಲ್ಲಿ ಕೇಳುವುದಕ್ಕೆ ಇರುವುದು ಬೆಕ್ಕು ಮಾತ್ರ. ಒಂದೇ ಸುದ್ದಿ ಎರಡನೇ ಸಲ ಹೇಳಿದರೆ ಅದೂ ಎದ್ದು ಹೋಗ್ತದೆ. ಹಾಗಾಗಿ ನಿಮಗೆ ಹೇಳ್ತೇನೆ. ನಾನು ಮೂರನೇ ಕ್ಲಾಸಿನವರೆಗೆ ಮಾತ್ರ ಕಲಿತವಳು, ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ನನ್ನ ಮೊಮ್ಮಗಳು ಶ್ರಾವ್ಯ ಮೂಡುಬಿದಿರೆಯಲ್ಲಿ ಟೀಚರು. ಅವಳ ಕ್ಲಾಸಿಗೆ ಗೋಡೆ ಇಲ್ಲ. ಮಕ್ಕಳನ್ನು ಗುಡ್ಡ, ಕಾಡು ಎಂದು ಕರೆದುಕೊಂಡು ಹೋಗಿ, ಎಲ್ಲಿ ಕಾಲಿಡಬೇಕು, ಎಲ್ಲಿಂದ ಹಿಂದೆ ಬರಬೇಕು ಎಂದು ಕಲಿಸುವುದು. ಇದಕ್ಕೂ ಸಂಬಳ ಉಂಟಂತೆ! ನಾವು ದನದ ಹಿಂದೆ ಓಡಿ ಪುಕ್ಕಟೆ ಕಲಿತದ್ದು.

ಮೊನ್ನೆ ಫೋನು ಮಾಡಿದಳು. "ಅಜ್ಜೀ, ಭಾನುವಾರ ಮಕ್ಕಳನ್ನು ಚಾರ್ಮಾಡಿ ಕಡೆ ತರ್ತೇನೆ. ಹೊಳೆ ದಾಟಿ ಊಟಕ್ಕೆ ನಿಮ್ಮಲ್ಲಿಗೇ." ಹೊಳೆ ದಾಟಿ ನನ್ನಲ್ಲಿಗೆ ಬರುವುದು ಕರೆಂಟು ಬಿಲ್ಲಿನವನು ಮಾತ್ರ, ಅವನೂ ಕುಳಿತುಕೊಳ್ಳುವುದಿಲ್ಲ. ಭಾನುವಾರ ನಾನು ಬೆಳಗಾಗುವ ಮೊದಲೇ ಅರಶಿನ ಎಲೆಯಲ್ಲಿ ಅಕ್ಕಿಹಿಟ್ಟು, ಕಾಯಿಬೆಲ್ಲ ಮಡಚಿ ಗಟ್ಟಿ ಬೇಯಿಸಿದೆ. ಇದ್ದ ಚಾಪೆಗಳನ್ನೆಲ್ಲ ಹಾಸಿದೆ. ಒಳ್ಳೆಯ ಸೀರೆ ಉಟ್ಟು ಹೊಳೆ ಬದಿಯಲ್ಲಿ ನಿಂತೆ.

ಬಂದರು ಮಾರಾಯ್ರೆ! ಆಚೆ ದಡದಲ್ಲಿ ಸಾಲಾಗಿ ಮಕ್ಕಳು, ಮುಂದೆ ನನ್ನ ಹುಡುಗಿ, ಕೊರಳಲ್ಲಿ ವಿಶಲ್. ನಮ್ಮಲ್ಲಿ ಬಿಸಿಲು, ಆದರೆ ಘಾಟಿಯಲ್ಲಿ ಮಳೆ ಬಂದಿರಬೇಕು, ನೀರು ಕೆಂಪಾಗಿತ್ತು. ಅವಳು ತುಂಬ ಹೊತ್ತು ನೀರನ್ನೇ ನೋಡಿದಳು. ಮಕ್ಕಳ ಹತ್ತಿರ ಏನೋ ಕೇಳಿದಳು. ಮತ್ತೆ ಕೂಗಿದಳು, "ಅಜ್ಜೀ, ನಾವು ದಾಟುವುದಿಲ್ಲ. ನೀರು ಇನ್ನೂ ಏರ್ತದೆ."

"ಮೊಣಕಾಲಿಗೂ ಬರುವುದಿಲ್ಲ ಮಾರಾಯ್ತಿ!"

"ಯಾರ ಮೊಣಕಾಲು? ನಿಮ್ಮದಾ, ಈ ಮಕ್ಕಳದ್ದಾ?"

"ಹಾಗಾದ್ರೆ ಸಂಕದ ಮೇಲೆ ಹೊಳೆ ದಾಟಿ, ಬಳಸಿ ಬಾ!"

"ಬಳಸಿದ್ರೆ ಕತ್ತಲೆ ಆಗ್ತದೆ ಅಜ್ಜೀ. ಮಕ್ಕಳ ಮನೆಯವರು ಕಾಯ್ತಾರೆ."

ಕಾಯುವವರ ವಿಷಯ ನನಗೆ ಹೇಳಿಕೊಡುವುದಾ? ಮನೆಗೆ ಓಡಿ ಗಟ್ಟಿಯ ಪಾತ್ರೆ ತಂದು, ತಲೆಯ ಮೇಲಿಟ್ಟು, ನಾನೇ ನೀರಿಗೆ ಒಂದು ಕಾಲು ಹಾಕಿದೆ. ಪೀಂ ಎಂದು ವಿಶಲ್! "ಅಜ್ಜೀ, ಹಿಂದೆ!" ಅವಳ ಹಿಂದಿನಿಂದ ಮಕ್ಕಳೆಲ್ಲ ಒಟ್ಟಿಗೆ, "ಅಜ್ಜೀ, ಹಿಂದೆ!" ಅತ್ತೆ ತೀರಿದ ಮೇಲೆ ನನ್ನನ್ನು ಯಾರೂ ಹಾಗೆ ಗದರಿಸಿದ್ದಿಲ್ಲ. ಕಾಲು ತೆಗೆದೆ. ನೋಡುತ್ತಿದ್ದ ಹಾಗೆ, ನಾನು ಕಾಲಿಟ್ಟ ಕಲ್ಲು ಮುಳುಗಿತು.

ಎಂಥ ಹುಡುಗಿ! ನೀರಿನ ಬಣ್ಣ ನೋಡಿ ಹೇಳಿದಳು. ಅವರು ಆ ದಡದಲ್ಲಿ ಬ್ರೆಡ್ಡು ತಿಂದರು, ನಾನು ಈ ದಡದಲ್ಲಿ ಗಟ್ಟಿ ತಿಂದೆ, ಊಟ ಒಟ್ಟಿಗೇ ಆಯಿತು ಎನ್ನಬೇಕು. ಕೈ ಬೀಸಿ ಹೋದರು. ನಾನು ಹಾಸಿದ್ದ ಚಾಪೆಗಳನ್ನು ಒಂದೊಂದಾಗಿ ಸುತ್ತಿಟ್ಟೆ.

ಈ ಹುಡುಗಿಗೆ ಇಷ್ಟು ಬುದ್ಧಿ ಕಲಿಸಿದವರು ಯಾರೋ, ಸ್ವಲ್ಪ ಕಡಿಮೆ ಕಲಿಸಬಹುದಿತ್ತು ಎಂದು ಗೊಣಗಿದೆ. ಆಮೇಲೆ ನೆನಪಾಯಿತು. ಸಣ್ಣದಿರುವಾಗ ಅವಳು ಇದೇ ಹೊಳೆಗೆ ಇಳಿಯಲು ಹೋದಾಗಲೆಲ್ಲ ಜಡೆ ಹಿಡಿದು ಎಳೆದು ತಂದವಳು ನಾನೇ. ಸ್ವಲ್ಪ ಸಡಿಲ ಹಿಡಿಯಬಹುದಿತ್ತು.