ಡಾಕ್ಟರು ನಕ್ಕ ದಿನ

ಡಾಕ್ಟರು ಅಷ್ಟೊಂದು ನಗದೇ ಇದ್ದಿದ್ದರೆ ಹೋಶಿಮ್‌ಗೆ ಅನುಮಾನವೇ ಬರುತ್ತಿರಲಿಲ್ಲ.

ಹೋಶಿಮ್ ಮರ್ಗಿಲಾನ್ ಎಂಬ ಊರಿನಲ್ಲಿ ತೊಟ್ಟಿಲು ಮಾಡುವವನು. ಕಟ್ಟಿ ಮಲಗಿಸಿದ ಮಗುವಿನ ಉಚ್ಚೆ ಹಾಸಿಗೆಗೆ ತಾಗದೆ ಕೆಳಗಿನ ಕುಡಿಕೆಗೆ ಇಳಿಯಲೆಂದು ತೊಟ್ಟಿಲ ಜೊತೆಗೆ ಒಂದು ಮರದ ಕೊಳವೆಯನ್ನೂ ಕಡೆದು ಕೊಡುತ್ತಿದ್ದ. ಓಣಿಯಲ್ಲಿ ಈಗ ಮೀಸೆ ತಿರುವುವವರೆಲ್ಲ ಒಂದು ಕಾಲಕ್ಕೆ ಅವನ ಕೊಳವೆಯ ಫಲಾನುಭವಿಗಳೇ. ಇಂಥವನು ಒಂದು ಮದುವೆ ಊಟದ ಮರುದಿನ ಕೆಂಪಗೆ ಮೂತ್ರ ಮಾಡಿದ. ದಾಳಿಂಬೆ ರಸ ಕುಡಿದದ್ದಕ್ಕೆ ಹೀಗಾಯಿತು ಎಂದುಕೊಂಡ. ದಾಳಿಂಬೆಯ ಕಾಲ ಮುಗಿದರೂ ಕೆಂಪು ನಿಲ್ಲಲಿಲ್ಲ.

"ಊರ ಮಕ್ಕಳಿಗೆಲ್ಲ ಕೊಳವೆ ಮಾಡ್ಕೊಟ್ಟೆ. ಈಗ ನಿನ್ನದೇ ರಿಪೇರಿಗೆ ಬಂತು ನೋಡು ಭಾವ" ಎಂದು ಹಂಗಿಸಿದವನು ತುರ್ದಿ, ಹೋಶಿಮ್‌ನ ಹೆಂಡತಿ ಖೋಸಿಯತ್‌ಳ ತಮ್ಮ. ತನ್ನ ಹೆಂಡತಿ ತೀರಿಕೊಂಡು ಮಕ್ಕಳೂ ಇಲ್ಲದ ತುರ್ದಿ ಗೋಡೆಯ ಆಚೆ ಮನೆಯಲ್ಲೇ ಇದ್ದ. ಭಾವನಿಗೆ ಜೊತೆಯಾಗಿ ಆಸ್ಪತ್ರೆಗೆ ಹೋದವನು, ಹೇಗೂ ಬಂದಾಯಿತಲ್ಲ ಎಂದು ತನ್ನ ಸೊಂಟನೋವನ್ನೂ ಹೇಳಿಕೊಂಡ. ಡಾಕ್ಟರು ಇಬ್ಬರನ್ನೂ ಮಲಗಿಸಿ, ದೀಪವಿರುವ ಸಣ್ಣ ನಳಿಕೆಯನ್ನು ತೂರಿಸಿ ಒಳಗೆಲ್ಲ ನೋಡಿ, ಇಬ್ಬರಿಂದಲೂ ಒಂದೊಂದು ಚೂರು ತೆಗೆದು ಪರೀಕ್ಷೆಗೆಂದು ತಾಷ್ಕೆಂಟಿಗೆ ಕಳಿಸಿದ್ದರು. ಇವತ್ತು ಅದರ ಫಲಿತಾಂಶ ಬಂದಿತ್ತು; ಖೋಸಿಯತ್ ಕೂಡ ಜೊತೆಗೆ ಬಂದು ಹೊರಗೆ ಕೂತಿದ್ದಳು.

"ಯಜಮಾನ್ರೇ, ನೀವು ಅದೃಷ್ಟವಂತರು!" ಎಂದು ಡಾಕ್ಟರ್ ಜೋಯಿರ್ ಮೇಜು ಕುಟ್ಟಿದರು. "ಮೂತ್ರಕೋಶದ ಗೋಡೇಲಿ ಗಡ್ಡೆ ಇರೋದು ನಿಜ. ಸ್ಕ್ಯಾನಿಂಗ್‌ನಲ್ಲಿ ನೋಡಿದಾಗ ನನಗೂ ಎದೆ ಝಲ್ ಅಂದಿತ್ತು. ಆದ್ರೆ ನಳಿಕೆ ಬಿಟ್ಟು ನೋಡಿದ್ರೆ ಮೇಲಿನ ಪೊರೆ ನುಣ್ಣಗಿದೆ. ಚೂರನ್ನ ಪರೀಕ್ಷೆ ಮಾಡಿದೋರಿಗೆ ಸಿಕ್ಕಿದ್ದು ಬರೀ ಸ್ನಾಯು. ಲಿಯೋಮಯೋಮ ಅಂತಾರೆ, ಸಾಧು ಗಡ್ಡೆ. ಮೂತ್ರಕೋಶದಲ್ಲಿ ಇದು ಬಲು ಅಪರೂಪ ಕಣ್ರೀ. ನಾನು ಪುಸ್ತಕದಲ್ಲಿ ಬಿಟ್ರೆ ಬೇರೆಲ್ಲೂ ನೋಡಿರಲಿಲ್ಲ!" ಹೀಗೆಂದು ಮತ್ತೆ ನಕ್ಕರು.

"ಅಂದ್ರೆ... ಸಾಯೋ ಅಂಥದ್ದಲ್ವಾ?"

"ನೀವು ಮರದ ಕೆಲಸದೋರು, ನಿಮಗೆ ನಾನು ಹೇಳ್ಬೇಕಾ? ಗಂಟು ಬೇರೆ, ಹುಳುಕು ಬೇರೆ. ಹುಳುಕು ಹರಡ್ತದೆ. ಗಂಟು ಇದ್ದಲ್ಲೇ ಇರ್ತದೆ. ನಿಮ್ಮದು ಗಂಟು. ಕೆತ್ತಿ ತೆಗೆದ್ರೆ ಮುಗೀತು. ಹೊಸ ಡಾಕ್ಟರುಗಳಿಗೆ ತೋರಿಸೋಕೆ ಒಂದು ಫೋಟೋ ಇಟ್ಕೊಳ್ಲಾ?"

ಆಮೇಲೆ ತುರ್ದಿಯ ಕಡೆ ತಿರುಗಿ, "ನಿಮ್ಮದು ಉಪ್ಪು. ಸ್ವಲ್ಪ ಉಪ್ಪು ಸೇರಿದೆ ಅಷ್ಟೇ. ಕಲ್ಲಂಗಡಿ ತಿನ್ನಿ" ಎಂದರು. ಕೊನೆಗೆ, "ಇಬ್ಬರೂ ಹೊರಗಿರಿ. ಖೋಸಿಯತ್ ಅಮ್ಮನವರು ಒಂದು ನಿಮಿಷ ಒಳಗೆ ಬರ್ಲಿ" ಎಂದರು.

ಹೋಶಿಮ್‌ಗೆ ಅನುಮಾನ ಹುಟ್ಟಿದ್ದು ಅಲ್ಲೇ. ರೋಗಿಯ ಮುಖಕ್ಕೆ ಕೆಟ್ಟ ಸುದ್ದಿ ಹೇಳುವ ಪದ್ಧತಿ ಆ ಊರಿನಲ್ಲಿ ಇಲ್ಲ. ರೋಗಿಗೆ ನಗು, ಮನೆಯವರಿಗೆ ನಿಜ. ಅವನ ಅಪ್ಪನಿಗೂ "ಏನಿಲ್ಲ, ಶೀತ" ಎಂದು ಬೆನ್ನು ತಟ್ಟಿ ಕಳಿಸಿದ್ದರು. ಆ ಶೀತಕ್ಕೇ ಅಪ್ಪ ಹೋಗಿಬಿಟ್ಟ. ಬರೀ ಬೆನ್ನು ತಟ್ಟಿದ್ದಕ್ಕೇ ಅಪ್ಪನ ಗತಿ ಹಾಗಾಗಿದ್ದರೆ, ಮೇಜು ಕುಟ್ಟಿ ನಕ್ಕಿದ್ದಕ್ಕೆ ತನ್ನ ಗತಿ ಏನು?

ಖೋಸಿಯತ್ ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಏನಂದ್ರು?"

"ಏನಿಲ್ಲ ಬನ್ನಿ. ಊಟ ಸರಿಯಾಗಿ ಹಾಕು ಅಂದ್ರು."

ದಾರಿಯಲ್ಲಿ ಅವಳು ಕಲ್ಲಂಗಡಿ ಕೊಂಡಳು. ಸೊಪ್ಪಿನ ಕಟ್ಟಿಗೂ ಅಂಗಡಿಯವನನ್ನು ಅಳಿಸಿಯೇ ಬರುವ ಹೆಂಗಸು ಇವತ್ತು ಚೌಕಾಸಿಯನ್ನೇ ಮಾಡಲಿಲ್ಲ. ಹೋಶಿಮ್‌ಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಬದಲಾಗಿಹೋಗಿತ್ತು. ಪಕ್ಕದ ಮನೆಯ ರಿಸೊಲತ್, ಬೆಂಕಿ ಕೇಳಿದರೂ ಲೆಕ್ಕ ಇಟ್ಟುಕೊಳ್ಳುವವಳು, ತಂದೂರ್ ಒಲೆಯಿಂದ ಆಗತಾನೇ ತೆಗೆದ ರೊಟ್ಟಿ, ಮೇಲೊಂದು ಬಟ್ಟಲು ಕೆನೆ ಹಿಡಿದು ಬಂದಳು. "ಭಾವ-ಮೈದುನ ಇಬ್ಬರೂ ಕೂತು ತಿನ್ರಪ್ಪ" ಎಂದು ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡು ಹೋದಳು. ಓಣಿಯ ಹಿರಿಯ ಸೋಬಿರಜ್ಜ ಬಾಗಿಲಲ್ಲೇ ಹೋಶಿಮ್‌ನನ್ನು ತಬ್ಬಿಕೊಂಡ.

"ಗಟ್ಟಿಯಾಗಿರು ಮಗ. ಈಗ ಮನೆಗೆ ನೀನೇ ಧೈರ್ಯ."

"ಆಗ್ಲಿ ಅಜ್ಜ" ಎಂದ ಹೋಶಿಮ್. ಸಾಯುವವನಿಗೇ ಧೈರ್ಯದ ಗುತ್ತಿಗೆಯನ್ನೂ ಕೊಡುತ್ತಾರಲ್ಲ ಎಂದು ಒಳಗೊಳಗೇ ಸಿಟ್ಟು ಬಂತು.

ಊರ ಮೋರೆಗಳನ್ನು ನೋಡಿ ತುರ್ದಿಗೂ ಅನುಮಾನ ಹತ್ತಿತು. ದಿನವಿಡೀ ಭಾವನನ್ನು ಗೋಳುಹುಯ್ದುಕೊಳ್ಳುತ್ತಿದ್ದವನು ಇವತ್ತು ಚಹಾದಂಗಡಿಯ ಜಗಲಿಯಲ್ಲಿ ಅವನಿಗೆ ದಿಂಬು ಇಟ್ಟುಕೊಟ್ಟ, ಚಹಾ ಆರಿಸಿ ಕೊಟ್ಟ. "ಒರಗಿಕೋ ಭಾವ. ನಂದೇನು ಬಿಡು, ಉಪ್ಪು. ನೀನು ಜೋಪಾನ. ನಮ್ಮಜ್ಜಿ ಮಾಚಿಪತ್ರೆ ಕಷಾಯ ಮಾಡ್ತಿದ್ಲಲ್ಲ, ಸಂಜೆ ನಾನೇ ಕಾಯಿಸಿ ತರ್ತೀನಿ."

ತುರ್ದಿಯೇ ಇಷ್ಟು ಮೆತ್ತಗಾದ ಮೇಲೆ ಹೋಶಿಮ್ ಪೂರ್ತಿ ಕುಸಿದ. ತಲೆ ಎತ್ತಿ ನೋಡಿದರೆ, ಎಲ್ಲರೂ ಕೇಳಲೆಂದು ಅವನೇ ತಂದು ಅಂಗಡಿಯ ತೊಲೆಗೆ ತೂಗಿಬಿಟ್ಟ ಸೋರೆಬುರುಡೆಯ ಪಂಜರದಲ್ಲಿ ಅವನ ಲಾವಕ್ಕಿ "ಬಿತ್-ಬಿಲ್ದಿಕ್, ಬಿತ್-ಬಿಲ್ದಿಕ್" ಎಂದು ಕೂಗುತ್ತಿತ್ತು. ಮರ್ಗಿಲಾನಿನಲ್ಲಿ ಅಂಥ ಕಂಠದ ಹಕ್ಕಿ ಇನ್ನೊಂದಿರಲಿಲ್ಲ. ಮೇವಿನ ಹೊಲದಲ್ಲಿ ಅದನ್ನು ಮೊದಲು ಕಂಡವನು ತುರ್ದಿ, ಬಲೆ ಬೀಸಿದವನು ಹೋಶಿಮ್. ಅಂದಿನಿಂದ ಹಕ್ಕಿ ಯಾರದು ಎಂಬ ಜಗಳ ನಿಂತೇ ಇರಲಿಲ್ಲ. ಹಕ್ಕಿಗೆ ಹೋಶಿಮ್ ತನ್ನ ಕೈಯಿಂದಲೇ ಕಾಳು ಹಾಕುತ್ತಿದ್ದ; ಹೆಂಡತಿಯನ್ನೂ ನಂಬುತ್ತಿರಲಿಲ್ಲ.

ಅವನು ಎದ್ದು ಪಂಜರವನ್ನು ತೊಲೆಯಿಂದ ಇಳಿಸಿದ. ಚಹಾದಂಗಡಿಯವರೆಲ್ಲ ಅವನತ್ತ ತಿರುಗಿದರು.

"ತಗೋ ತುರ್ದಿ. ಮೊದಲು ನೋಡಿದೋನು ನೀನೇ. ಇಷ್ಟು ದಿನ ನಾನು ಹಟ ಮಾಡಿದೆ, ಮನಸ್ಸಲ್ಲಿ ಇಟ್ಕೋಬೇಡ. ನನ್ನಿಂದ ತಪ್ಪಾಗಿದ್ರೆ ಎಲ್ಲರೂ ಕ್ಷಮಿಸ್ಬಿಡಿ."

ಗಂಡಸರೆಲ್ಲ ಚಹಾ ಬಟ್ಟಲೊಳಗೆ ಮುಖ ಹುದುಗಿಸಿದರು. ಸೋಬಿರಜ್ಜ ಬಂದು ಹೋಶಿಮ್‌ನ ಹಣೆಗೆ ಮುತ್ತಿಟ್ಟ. "ನಿನ್ನಂಥ ಮನಸ್ಸು ಯಾರಿಗಿದೆಯೋ ಮಗನೇ" ಎನ್ನುವಾಗ ಅಜ್ಜನ ಗಡ್ಡ ನಡುಗುತ್ತಿತ್ತು. ತುರ್ದಿ ಮಾತ್ರ ಪಂಜರವನ್ನು ಎದೆಗೊತ್ತಿಕೊಂಡು, ಹಬ್ಬಕ್ಕೆ ಹೊಸ ಬಟ್ಟೆ ಸಿಕ್ಕ ಮಗುವಿನ ಹಾಗೆ ಮನೆ ಕಡೆ ಓಡಿದ.

ಸಂಜೆ ಹೋಶಿಮ್ ಒಲೆಯ ಮುಂದೆ ಕೂತ ಹೆಂಡತಿಯ ಪಕ್ಕದಲ್ಲಿ ಕುಕ್ಕರಿಸಿದ.

"ಖೋಸಿಯತ್, ಇನ್ನು ಮುಚ್ಚಿಡಬೇಡ. ನನ್ನನ್ನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿಸು. ಅರ್ಧ ಆಗಿರೋ ತೊಟ್ಟಿಲನ್ನ..."

"ನಿಮಗೇನು ಬಂತ್ರೀ ದೊಡ್ಡ ರೋಗ? ಗಂಟು ಅಂತ ಡಾಕ್ಟರು ಬಾಯಿ ಬಿಟ್ಟು ಹೇಳ್ಲಿಲ್ವಾ?"

"ಹಾಗಾದ್ರೆ ನಿನ್ನನ್ನ ಯಾಕೆ ಒಳಗೆ ಕರೆದ್ರು?"

ಅವಳ ಕೈಯ ಸೌಟು ನಿಂತಿತು. "ತುರ್ದಿಗೆ ನನ್ನ ಬಿಟ್ರೆ ಯಾರಿದಾರ್ರೀ?" ಎಂದವಳು ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. "ಹುಳುಕು ಅವನದ್ದು. ಮೂಳೆವರೆಗೂ ಇಳಿದುಬಿಟ್ಟಿದೆಯಂತೆ. ಹಿಮ ಬೀಳೋವರೆಗೂ ಇರೋದು ಕಷ್ಟ ಅಂದ್ರು. ತಡೆಯೋಕಾಗದೆ ರಿಸೊಲತ್ ಮುಂದೆ ಅತ್ತುಬಿಟ್ಟೆ, ಅವಳು ಓಣಿಗೆಲ್ಲ ಹೇಳಿದ್ಲು. ನಿಮಗೂ ತಿಳಿದಿದೆ ಅಂದ್ಕೊಂಡೆ. ತಿಳಿದೇ ಅಲ್ವಾ ನೀವು ಹಕ್ಕಿ ಕೊಟ್ಟಿದ್ದು?"

ಹೋಶಿಮ್‌ಗೆ ಮೊದಲು ಬಂದದ್ದು ಸಂತೋಷ. ಬದುಕಿದೆ, ಬದುಕಿದೆ ಎಂದು ಎದೆ ಬಡಿದುಕೊಂಡಿತು. ಅದರ ಬೆನ್ನಿಗೇ ಹಕ್ಕಿಯ ನೆನಪಾಯಿತು. ಸಾಯುವವನ ಮನೆಗೆ ಹೋದ ಹಕ್ಕಿಯನ್ನು ಹೇಗೆ ವಾಪಸು ಕೇಳುವುದು ಎಂದು ಅವನ ಮನಸ್ಸು ಲೆಕ್ಕ ಹಾಕತೊಡಗಿತು. ಮರುಕ್ಷಣ ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ತೊಟ್ಟಿಲ ಕೊಳವೆಯ ಬಗ್ಗೆ ತುರ್ದಿ ಮಾಡಿದ ತಮಾಷೆಗಳು ಒಂದೊಂದಾಗಿ ನೆನಪಾದವು.

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಹಬೆಯಾಡುವ ಕಷಾಯದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತುರ್ದಿ ಒಳಗೆ ಬಂದ. ಅಕ್ಕನ ಕಣ್ಣು ನೋಡಿ ಅವಳನ್ನು ಮೂಲೆಗೆ ಕರೆದು, ಅಂಗಳಕ್ಕೂ ಕೇಳುವ ಹಾಗೆ ಪಿಸುಗುಟ್ಟಿದ: "ಅಕ್ಕ, ಭಾವನ ಮುಂದೆ ಅಳಬೇಡ್ವೇ. ಅವನಿಗೆ ಗೊತ್ತಾಗ್ಬಿಡ್ತದೆ."

ಖೋಸಿಯತ್ ಗಂಡನ ಮುಖ ನೋಡಿದಳು. ಹೋಶಿಮ್ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಗೋಡೆಗೆ ಒರಗಿದ.

"ಅಯ್ಯಮ್ಮಾ" ಎಂದು ನರಳಿದ.

"ತುಂಬಾ ನೋವಾ ಭಾವ? ಇದನ್ನ ಕುಡಿ. ಒಂದೇ ಗುಟುಕಿಗೆ ಇಳಿಸ್ಬಿಡು."

ಕಷಾಯ ವಿಷದಂತೆ ಕಹಿಯಾಗಿತ್ತು. ಹೋಶಿಮ್ ತಳದವರೆಗೂ ಕುಡಿದ. ಗೋಡೆಯ ಆಚೆ ಲಾವಕ್ಕಿ ಕೂಗಿತು.

"ಕೇಳಿಸ್ತಾ? ನನ್ನ ಮನೇಲಿ ಇನ್ನೂ ಚೆನ್ನಾಗಿ ಹಾಡ್ತಾ ಇದೆ" ಎಂದು ತುರ್ದಿ ಹಿಗ್ಗಿದ. "ಸ್ವಲ್ಪ ಹಾಯೆನಿಸ್ತಾ?"

"ಎನಿಸ್ತು" ಎಂದ ಹೋಶಿಮ್ ಬಟ್ಟಲನ್ನು ವಾಪಸು ಕೊಟ್ಟ. "ನಾಳೇನೂ ತರ್ತೀಯಾ? ದಿನಾ ತರಬೇಕು. ಒಂದು ದಿನಾನೂ ತಪ್ಪಿಸಕೂಡದು ನೋಡು."

"ತಪ್ಪಿಸ್ತೀನಾ ಭಾವ?" ತುರ್ದಿ ಅವನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡ. "ನೀನಿರೋವರೆಗೂ ತರ್ತೀನಿ."