ಹೊಸ್ತಿಲ ಹೊರಗೆ ನಿಂತ ಇಂಗ್ಲಿಷ್

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಒಬ್ಬರ ಮನೆಯೊಳಗೆ ಹೋಗಲು ಅಪ್ಪಣೆ ಕೇಳುವ ಪದ್ಧತಿಯೇ ಇರಲಿಲ್ಲ. ಬಾಗಿಲ ಹತ್ತಿರ ಬಂದ ಗಂಡಸು ಒಮ್ಮೆ ಕೆಮ್ಮುತ್ತಿದ್ದ, ಕೆಮ್ಮುತ್ತಲೇ ಒಳಗೆ ಬಂದು ಕಂಬಳಿಯ ಮೇಲೆ ಕೂಡುತ್ತಿದ್ದ. ಒಳಗಿನಿಂದ ನೀರು ಬರುತ್ತಿತ್ತು. ಇಷ್ಟು ಸುಸೂತ್ರವಾಗಿದ್ದ ನಾಡಿಗೆ ಇಂಗ್ಲಿಷ್ ಬಂತು, ಅದರ ಹಿಂದೆಯೇ ವಿನಯದಿಂದ ಅಪ್ಪಣೆ ಕೇಳುವ ರೋಗವೂ ಬಂತು. ಆಗಿನಿಂದ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇದೆ. ಗೊತ್ತಾಗಲಿದ್ದ ನನ್ನ ಮದುವೆಯಂತೂ ಈ ವಿನಯದ ದೆಸೆಯಿಂದ ಮುರಿದು ಬೀಳುವುದರಲ್ಲಿತ್ತು. ಅದನ್ನು ಹೇಳುವ ಮೊದಲು ರೋಗ ಹತ್ತಿದ್ದು ಎಲ್ಲಿ ಎಂಬುದನ್ನು ಹೇಳಿಬಿಡುತ್ತೇನೆ.

ಸಾಹೇಬರ ಸರದಿ

ಹತ್ತಿದ್ದು ಗೋಕಾಕದ ಇಂಗ್ಲಿಷ್ ಶಾಲೆಯಲ್ಲಿ. ನಮ್ಮ ಮಾಸ್ತರರು ಓದು ಬರಹಕ್ಕಿಂತ ಬಾಗಿಲಲ್ಲಿ ನಿಲ್ಲುವುದನ್ನೇ ಹೆಚ್ಚು ಕಲಿಸಿದರು. ಹೊಸ್ತಿಲ ಹೊರಗೆ ನಿಲ್ಲಬೇಕು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿಯಬೇಕು, ತಲೆ ತಗ್ಗಿಸಿ ಮೆಲುದನಿಯಲ್ಲಿ ‘ಮೇ ಐ ಕಮ್ ಇನ್, ಸರ್’ ಎನ್ನಬೇಕು. ‘ಯಸ್’ ಬರುವವರೆಗೆ ಒಳಗೆ ಕಾಲಿಡುವಂತಿಲ್ಲ. ಆದರೆ ಮೊದಲ ಸಲಕ್ಕೆ ‘ನೋ’ ಎನ್ನುವುದು ಮಾಸ್ತರರ ರೂಢಿ. ಹಾಗೆಂದರೆ ಹುಡುಗರ ವಿನಯ ಹದಕ್ಕೆ ಬರುತ್ತದೆ ಎಂದು ಅವರ ನಂಬಿಕೆ.

ಒಂದು ದಿನ ಮಧ್ಯಾಹ್ನ ನಾವು ನೀರು ಕುಡಿದು ಬರುವಷ್ಟರಲ್ಲಿ ಮಾಸ್ತರರು ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ಕೇಳಿದೆವು, ‘ಯಸ್’ ಬರಲಿಲ್ಲ. ಎಬ್ಬಿಸೋಣವೆಂದರೆ ಒಳಗೆ ಹೋಗಬೇಕು, ಒಳಗೆ ಹೋಗಲು ಅಪ್ಪಣೆ ಬೇಕು. ಇಡೀ ವರ್ಗ ಬರಿದಲೆಯಲ್ಲಿ ಬಿಸಿಲಿಗೆ ಸಾಲಾಗಿ ನಿಂತಿತು. ಅಷ್ಟರಲ್ಲಿ ಶಾಲೆ ತಪಾಸಣೆಯ ಸಾಹೇಬರು ಬಂದರು. ವಿಷಯ ತಿಳಿದು ಅವರಿಗೆ ನಮ್ಮ ಶಿಸ್ತಿನ ಮೇಲೆ ಬಹಳ ಪ್ರೀತಿ ಬಂತು. ತಾವೂ ಹ್ಯಾಟು ತೆಗೆದು ಹೊಸ್ತಿಲ ಹೊರಗೆ ನಿಂತು, ಶುದ್ಧ ಇಂಗ್ಲಿಷಿನಲ್ಲಿ, ಮೃದುವಾಗಿ ಅಪ್ಪಣೆ ಕೇಳಿದರು.

ಮಾಸ್ತರರು ಕಣ್ಣು ತೆರೆಯದೆ ‘ನೋ’ ಎಂದರು.

ಅಜ್ಜಿಯ ತಿದ್ದುಪಡಿ

ಮುಂದೆ ಮೂಡಲಗಿಯಲ್ಲಿ ನಾನೇ ಕೆಲಕಾಲ ಮಾಸ್ತರನಾದೆ. ಒಳಗೆ ಬರುವ ಅಪ್ಪಣೆಯ ಜೊತೆಗೆ ಹೊರಗೆ ಹೋಗುವ ಅಪ್ಪಣೆಯನ್ನೂ ಕಲಿಸಿದೆ. ವಾರ ಕಳೆಯುವುದರೊಳಗೆ ಒಬ್ಬ ಅಜ್ಜಿ ಶಾಲೆಗೆ ಬಂದಳು. ಅವಳೇನೂ ಅಪ್ಪಣೆ ಕೇಳಲಿಲ್ಲ, ನೇರ ಬಂದು ನನ್ನ ಕುರ್ಚಿಯ ಮುಂದೆ ಕೂತಳು.

“ಮಾಸ್ತರ, ‘ಗೋ ಔಟ್’ ಅಂದ್ರ ಏನ್ರಿ?”

ಹೊರಗೆ ಹೋಗುತ್ತೇನೆ ಎಂದು ಅರ್ಥ ಎಂದೆ.

“ಮನಿ ಬಿಡೂ ಮುಂದ ‘ಬರ್ತೀನಿ’ ಅನ್ನೂ ಮಂದಿ ನಾವು. ಹೋಗ್ತೀನಿ ಅನ್ನಾಕ ನನ್ನ ಮೊಮ್ಮಗಗ ಏನ್ ಬ್ಯಾನಿ ಬಂದೈತಿ? ದಿನಾ ಹಂತಾ ಅಶುಭಾ ಮಾತ ಆಡಸ್ತೀರಲ್ರಿ.”

ಇಂಗ್ಲಿಷಿನಲ್ಲಿ ಅಶುಭ ತಟ್ಟುವುದಿಲ್ಲವೆಂದು ಎಷ್ಟು ಹೇಳಿದರೂ ಅವಳು ಎದ್ದೇಳಲಿಲ್ಲ. ಕೊನೆಗೆ ಹೊರಗೆ ಹೋಗುವಾಗಲೂ ಹುಡುಗರು ‘ಮೇ ಐ ಕಮ್ ಇನ್’ ಎಂದೇ ಕೇಳಲಿ ಎಂದು ಇತ್ಯರ್ಥವಾಯಿತು. ನಾನು ಅಲ್ಲಿರುವವರೆಗೂ ಶಾಲೆ ಬಿಟ್ಟ ಕೂಡಲೇ ಎಲ್ಲ ಹುಡುಗರೂ, ಒಳಗೆ ಬರಲೇ ಎಂದು ಕೂಗುತ್ತ ಮನೆಗೆ ಓಡುತ್ತಿದ್ದರು.

ಯಾರೂ ಇಲ್ಲದ ಮನೆ

ಆಮೇಲೆ ಹುಕ್ಕೇರಿಯ ಕಚೇರಿಯಲ್ಲಿ ಕಾರಕೂನನಾದೆ. ಒಮ್ಮೆ ಬೇಸಿಗೆಯಲ್ಲಿ ಬಿಳಿಯ ಸಾಹೇಬರೊಬ್ಬರು ಹಳ್ಳಿಗಳನ್ನು ನೋಡಲು ಬಂದರು. ದುಭಾಷಿಯಾಗಿ ನಾನು ಜೊತೆಗಿದ್ದೆ. ಬಿಸಿಲಿಗೆ ಅವರ ಮುಖ ಕೆಂಪಾಗಿತ್ತು. ದಾರಿಯಲ್ಲಿ ಕಂಡ ದೊಡ್ಡ ಮನೆಯ ಮುಂದೆ ನಿಂತು, ನನಗೂ ಕೇಳಲು ಬಿಡದೆ, ತಾವೇ ಹ್ಯಾಟು ತೆಗೆದು ಒಳಗೆ ಬರಬಹುದೇ ಎಂದು ಬಾಗಿಲಿಗೆ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಕೂಗಿದೆ.

ಬಾಗಿಲ ಮರೆಯಿಂದ ಹೆಣ್ಣುದನಿ ಬಂತು. “ಮನ್ಯಾಗ ಯಾರೂ ಇಲ್ರಿ.”

ಗಂಡಸರು ಹೊಲಕ್ಕೆ ಹೋದಾಗ ನಮ್ಮ ಹೆಣ್ಣುಮಕ್ಕಳು ಹೇಳುವ ಮಾತೇ ಅದು. ನಾನು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಂದೆ. ಯಾರೂ ಇಲ್ಲವಾದರೆ ಈಗ ಮಾತಾಡಿದ್ದು ಯಾರು ಎಂದು ಸಾಹೇಬರು ಕೇಳಿದರು. ಯಾರೂ ಇಲ್ಲವೆಂದು ಹೇಳಲು ಮನೆಯಲ್ಲಿ ಒಬ್ಬರು ಇರಲೇಬೇಕಲ್ಲ ಎಂದು ವಿವರಿಸಿದೆ. ಅವರು ಬಹಳ ಹೊತ್ತು ಬಾಗಿಲನ್ನೇ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಬಳೆ ತೊಟ್ಟ ಕೈಯೊಂದು ಒಂದು ತಂಬಿಗೆ ನೀರನ್ನೂ ಬೆಲ್ಲವನ್ನೂ ಹೊಸ್ತಿಲ ಮೇಲೆ ಇಟ್ಟು ಮರೆಯಾಯಿತು.

ಸಾಹೇಬರು ನೀರು ಕುಡಿದು, ಯಾರೂ ಇಲ್ಲದ ಮನೆಗೆ ಬಾಗಿ ‘ಥ್ಯಾಂಕ್ಯೂ’ ಹೇಳಿ ಕುದುರೆ ಹತ್ತಿದರು.

ಹೆಣ್ಣು ನೋಡಲು ಹೋದದ್ದು

ಈಗ ನನ್ನ ಮದುವೆಯ ಮಾತು. ನಮ್ಮ ಮೂಲ ಮನೆ ಕೌಜಲಗಿ, ಅಲ್ಲಿ ನನ್ನ ಕಾಕಾ ಇದ್ದರು. ಅವರ ಬಾಜೂ ಮನೆಯ ಅಜ್ಜ ತನ್ನ ತಂಗಿಯ ಮೊಮ್ಮಗಳನ್ನು ನನಗೆ ಗೊತ್ತುಮಾಡಲು ಓಡಾಡಿದ್ದ. ಹುಡುಗಿಯ ಮನೆ ಗೋಕಾಕದಲ್ಲಿ. ಅಷ್ಟರಲ್ಲಿ ಅಜ್ಜನಿಗೆ ಜ್ವರ ಬಂದು ಹಾಸಿಗೆ ಹಿಡಿದ. ಜ್ವರದಿಂದಾಗಿ ಹೆಣ್ಣು ನೋಡುವ ದಿನ ಅವನು ಬರಲಾರನೆಂದು ತಂಗಿಗೆ ಹೇಳಿಕಳಿಸಿದ್ದಾಯಿತು. ನಾನು ಹುಕ್ಕೇರಿಯಿಂದ ಮೋಟಾರಿನಲ್ಲಿ ಬರುವುದು, ಕಾಕಾ ಕೌಜಲಗಿಯಿಂದ ಚಕ್ಕಡಿಯಲ್ಲಿ ಬರುವುದು ಎಂದು ಠರಾವಾಗಿತ್ತು.

ಮೋಟಾರು ಅಂದು ಬೇಗ ಬಂತು, ಚಕ್ಕಡಿ ಬಂದಿರಲಿಲ್ಲ. ಹುಡುಗಿಯ ತಂದೆ ಸಂತೆಗೆ ಹೋಗಿದ್ದರು. ಪಡಸಾಲೆಯಲ್ಲಿ ಅಜ್ಜನ ತಂಗಿ, ಅಂದರೆ ಹುಡುಗಿಯ ಅಜ್ಜಿ, ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. ನನ್ನ ಮುಖ ಅವಳು ನೋಡಿದವಳಲ್ಲ. ಒಳ್ಳೆಯ ಮನೆತನ, ನಮ್ಮ ಸಭ್ಯತೆ ಕಾಣಲೆಂದು ನಾನು ಹೊಸ್ತಿಲ ಹೊರಗೆ ನಿಂತೆ. ಟೊಪ್ಪಿಗೆ ತೆಗೆದೆ. ತಲೆ ತಗ್ಗಿಸಿ, ಮೆಲುದನಿಯಲ್ಲಿ ಆ ಇಂಗ್ಲಿಷ್ ವಾಕ್ಯ ಹೇಳಿದೆ.

ಅಜ್ಜಿಯ ಕೈಯ ಮೊರ ನಿಂತಿತು. “ಯಾವೂರಿಂದ ಬಂದೀಪಾ?”

“ಕೌಜಲಗಿಯವರ್ರಿ.”

ಅಜ್ಜಿ ಮೊರ ಬಿಟ್ಟು ಎದೆ ಬಡಿದುಕೊಂಡು ಅಳತೊಡಗಿದಳು.

ನಮ್ಮ ಕಡೆ ಬರಿದಲೆಯಲ್ಲಿ ಹೊಸ್ತಿಲಾಚೆ ನಿಂತು, ಒಳಗೆ ಬಾರದೆ, ದನಿ ತಗ್ಗಿಸಿ ಮಾತಾಡುವವನು ಒಬ್ಬನೇ. ಅವನು ಸಾವಿನ ಸುದ್ದಿ ತಂದವನು. ಇಂಗ್ಲಿಷಿನ ವಿನಯದಲ್ಲಿ ಮುಳುಗಿದ್ದ ನನಗೆ ಅದು ಹೊಳೆಯಲೇ ಇಲ್ಲ. ಒಳಗೆ ಈಗಷ್ಟೇ ಯಾರೋ ತೀರಿಕೊಂಡಿರಬೇಕೆಂದು ತಿಳಿದು, ತಲೆಯನ್ನು ಇನ್ನಷ್ಟು ತಗ್ಗಿಸಿದೆ. ಓಣಿಯ ಹೆಂಗಸರೆಲ್ಲ ಬಂದು ಅಳುವುದಕ್ಕೆ ಕೂತರು. ಒಬ್ಬಳು ಕಣ್ಣೊರೆಸಿಕೊಳ್ಳುತ್ತ, ನಿನಗೆ ಅವರು ಏನಾಗಬೇಕು ಎಂದು ಕೇಳಿದಳು. ಈ ಮನೆಯವರ ಬಗ್ಗೆ ಕೇಳುತ್ತಿದ್ದಾಳೆಂದುಕೊಂಡು, ಇನ್ನೂ ಏನೂ ಆಗಿಲ್ಲ, ಇವತ್ತು ಗೊತ್ತಾಗುವುದಿತ್ತು ಎಂದೆ. ಪಾಪ, ದುಃಖಕ್ಕೆ ಬಡಬಡಿಸುತ್ತಿದ್ದಾನೆ ಎಂದು ಅವಳು ನನ್ನ ಬೆನ್ನು ಸವರಿದಳು.

ಅಷ್ಟರಲ್ಲಿ ಚಕ್ಕಡಿ ಬಂತು. ಕಾಕಾ ಎತ್ತು ಬಿಚ್ಚುತ್ತ ಹಿಂದುಳಿದರು. ಚಕ್ಕಡಿಯಿಂದ ಇಳಿದವನು ಅಜ್ಜ! ಬೆಳಿಗ್ಗೆ ಜ್ವರ ಬಿಟ್ಟಿತ್ತಂತೆ, ತಡೆಯಲಾರದೆ ಹತ್ತಿ ಬಂದುಬಿಟ್ಟಿದ್ದ. ಅಳುವ ಮನೆಗೆ ಬಂದವರು ಮೊದಲು ಅಳಬೇಕು, ವಿಚಾರಣೆ ಆಮೇಲೆ. ಅಜ್ಜ ಕೆಮ್ಮುತ್ತ ಒಳಗೆ ಬಂದು, ಬಾಯಿಗೆ ವಸ್ತ್ರ ಹಿಡಿದು, ಮೂಲೆಯಲ್ಲಿ ಕೂತು ಮನಸಾರೆ ಅತ್ತ. ಯಾರೂ ತಲೆಯೆತ್ತಿ ನೋಡಲಿಲ್ಲ. ಸಾಕಷ್ಟು ಅತ್ತ ಮೇಲೆ ಪಕ್ಕದವಳನ್ನು ಮೆಲ್ಲಗೆ ಕೇಳಿದ.

“ಯಾರ ಹೋದ್ರವ್ವಾ?”

“ಕೌಜಲಗಿ ಅಜ್ಜಾರ್ರಿ.”

“ಅಯ್ಯೋ, ಛಲೋ ಮನಶ್ಯಾ ಇದ್ದಾ,” ಎಂದು ಅಜ್ಜ ಮತ್ತೆ ವಸ್ತ್ರ ಬಾಯಿಗೆ ಹಿಡಿದ. ತಟ್ಟನೆ ತೆಗೆದ. “ಯಾವ ಅಜ್ಜಾ?”

ದನಿ ಕೇಳಿ ಅಜ್ಜಿ ತಲೆಯೆತ್ತಿದಳು. ಅಳು ನಿಂತಿತು. ಅಡಿಗೆಮನೆಯ ಬಾಗಿಲಲ್ಲಿ ಮಾತ್ರ ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ನಗು ತಡೆಯಲಾರದೆ ಗೋಡೆ ಹಿಡಿದಿದ್ದಳು. ನಾನು ನೋಡಲು ಬಂದ ಹುಡುಗಿ ಅವಳೇ. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ನನಗೆ ಆಗಲೇ ಅನ್ನಿಸಿಬಿಟ್ಟಿತು.

ಆದರೆ ಮದುವೆ ಗೊತ್ತಾದರೆ ಹಂಚಲೆಂದು ತಂದ ಸಕ್ಕರೆ ಪುಡಿಕೆ ಹಿಡಿದು ನಗುತ್ತ ಬಂದ ಕಾಕಾನಿಂದ ನಾನು ಯಾರೆಂದು ತಿಳಿದ ಕೂಡಲೇ ಅಜ್ಜಿ ಎದ್ದು ನಿಂತಳು. ಹೆಣ್ಣು ನೋಡಲು ಬಂದು ತನ್ನ ಅಣ್ಣನನ್ನೇ ಕೊಂದವನಿಗೆ ಮೊಮ್ಮಗಳನ್ನು ಕೊಡುವುದಿಲ್ಲ, ಹೆಣ್ಣು ತೋರಿಸುವ ದಿನ ಮನೆಯಲ್ಲಿ ಅಳು ಬಿತ್ತು, ಇದಕ್ಕಿಂತ ಅಪಶಕುನ ಬೇಕೇ ಎಂದಳು. ನಾನು ಕ್ಷಮೆ ಕೇಳಬೇಕೆಂದರೆ ಬಾಯಿಗೆ ಮತ್ತೆ ಇಂಗ್ಲಿಷೇ ಬಂತು, ನುಂಗಿಕೊಂಡೆ.

ಆಗ ಅಜ್ಜ ತಂಗಿಯ ಕೈ ಹಿಡಿದು ಕೂಡಿಸಿಕೊಂಡ.

“ನಾ ಸತ್ತರ ನೀ ಎಷ್ಟ ಅಳತಿ ಅನ್ನೂದು ಜೀವ ಇದ್ದಾಗನ ಕಂಡೆ ತಂಗಿ. ಈ ಭಾಗ್ಯಾ ಯಾರಿಗೆ ಸಿಕ್ಕೈತಿ? ತೋರಿಸಿದಂವಾ ಈ ಹುಡುಗ. ಇವನ್ನ ಕಳಕೋಬ್ಯಾಡ.”

ಅಜ್ಜಿ ಮತ್ತೆ ಅತ್ತಳು, ಈ ಸಲ ಸಕ್ಕರೆ ತಿನ್ನುತ್ತ.

ಮದುವೆಯಾಯಿತು. ಆದರೆ ಕಚೇರಿಯ ರೂಢಿ ಅಷ್ಟು ಬೇಗ ಬಿಡುತ್ತದೆಯೇ? ಸಂಜೆ ಮನೆಗೆ ಬಂದು, ಹೊಸ್ತಿಲಲ್ಲಿ ನಿಂತು ಟೊಪ್ಪಿಗೆಗೆ ಕೈಹಾಕಿದರೆ ಸಾಕು, ಒಳಗಿನಿಂದ ಹೆಂಡತಿಯ ದನಿ ಬರುತ್ತಿತ್ತು.

“ಅಲ್ಲೇ ನಿಂದ್ರಬ್ಯಾಡ್ರಿ, ಕೆಮ್ಮಿ ಒಳಗ ಬರ್ರಿ. ಅಜ್ಜಾ ಇನ್ನೂ ಗಟ್ಟಿ ಅದಾನ.”